ಟೆಸ್ಟಿನ ಮಾರನೆಯ ದಿನದ ಪಾಠ: ಚಿಕ್ಕ ಮಕ್ಕಳ ಪರವಾಗಿ ಒಂದು ಹಕ್ಕೊತ್ತಾಯ ಪತ್ರ

ಇವರಿಗೆ:
ಶಾಲಾ ಶಿಕ್ಷಣ ಇಲಾಖೆಯ ಅಧಿಕಾರಿಗಳು, ಸರ್ಕಾರಿ, ಅನುದಾನಿತ ಹಾಗೂ ಖಾಸಗಿ ಶಾಲೆಗಳ ಮುಖ್ಯ ಶಿಕ್ಷಕರು ಮತ್ತು ಆಡಳಿತ ಮಂಡಳಿಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ನಮ್ಮಂತೆಯೇ ಮಕ್ಕಳನ್ನು ಶಾಲೆಗೆ ಕಳಿಸುತ್ತಿರುವ ತಂದೆ ತಾಯಂದಿರು.



ನಾನು ಪಾಠ ಮಾಡುತ್ತಿದ್ದ ನಾಲ್ಕನೇ ತರಗತಿಯಲ್ಲಿ ಗಣಿತದ ಟೆಸ್ಟು ನಡೆಯುತ್ತಿತ್ತು. ಮೂರನೇ ಸಾಲಿನಲ್ಲಿ ಕೂತಿದ್ದ ಹುಡುಗನೊಬ್ಬ ಒಂದೇ ಜಾಗವನ್ನು ರಬ್ಬರಿನಿಂದ ಉಜ್ಜುತ್ತಲೇ ಇದ್ದ. ‘ಮುನ್ನೂರ ಆರು: ಅಂಕಿಯಲ್ಲಿ ಬರೆಯಿರಿ’ ಎಂಬುದು ಪ್ರಶ್ನೆ. ಮೊದಲು 3006 ಎಂದು ಬರೆದಿದ್ದ. ಪಕ್ಕದವಳ ಹಾಳೆಯ ಕಡೆ ಕಣ್ಣು ಹೋಗಿ ಅನುಮಾನ ಬಂತು, ಅಳಿಸಿದ. 36 ಎಂದು ಬರೆದ, ಅದನ್ನೂ ಅಳಿಸಿದ. ಮತ್ತೆ ಉಜ್ಜಿದ. ಹಾಳೆ ತೂತಾಯಿತು. ಗಂಟೆ ಹೊಡೆದಾಗ ಆ ತೂತಿನ ಮೇಲೆ ಅಂಗೈ ಮುಚ್ಚಿಕೊಂಡು ಕೂತುಬಿಟ್ಟ, ಪೇಪರು ಕೊಡಲೊಲ್ಲ. ನಾನು ಬೆರಳು ಬಿಡಿಸಿ ತೆಗೆದುಕೊಳ್ಳಬೇಕಾಯಿತು. ಅವನ ಅಂಗೈ ಬೆವೆತು ಒದ್ದೆಯಾಗಿತ್ತು.

ನಾನು ಆ ಪ್ರಶ್ನೆಗೆ ಸೊನ್ನೆ ಹಾಕಿದೆ. ಅಂದು ಸಂಜೆಯೊಳಗೆ ಅಂಕಗಳನ್ನು ಕಂಪ್ಯೂಟರಿಗೆ ಏರಿಸಬೇಕಿತ್ತು, ಏರಿಸಿದೆ. ಪೇಪರುಗಳನ್ನು ಕಟ್ಟಿ ಬೀರುವಿನಲ್ಲಿಟ್ಟೆ. ಮರುವರ್ಷ ಐದನೇ ತರಗತಿಯ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಹೇಳಿದರು: “ನಿಮ್ಮಿಂದ ಬಂದ ಹುಡುಗ ಮುನ್ನೂರ ಆರನ್ನ 3006 ಅಂತ ಬರೀತಾನಲ್ಲ ಮೇಡಂ.”

ಅವನು ದಡ್ಡನಲ್ಲ. ಕಿವಿಗೆ ಬಿದ್ದದ್ದನ್ನೇ ಬರೆದಿದ್ದ: ಮುನ್ನೂರು ಎಂದರೆ 300, ಆಮೇಲೆ ಆರು ಎಂದರೆ 6, ಪಕ್ಕಪಕ್ಕ ಇಟ್ಟರೆ 3006. ಆ ವಯಸ್ಸಿನಲ್ಲಿ ಬಹಳ ಮಕ್ಕಳು ಮಾಡುವ, ಅರ್ಥವಿರುವ ತಪ್ಪು ಅದು. ಕಡ್ಡಿ ಕಟ್ಟುಗಳನ್ನು ಮುಂದಿಟ್ಟು ನೂರು, ಹತ್ತು, ಬಿಡಿಯ ಮನೆಗಳನ್ನು ಇನ್ನೊಮ್ಮೆ ತೋರಿಸಿದ್ದರೆ ಇಪ್ಪತ್ತು ನಿಮಿಷದ ಕೆಲಸ. ಅವನಿಗೆ ಏನು ತಿಳಿದಿಲ್ಲ ಎಂಬುದನ್ನು ಟೆಸ್ಟು ನನಗೆ ಚೊಕ್ಕವಾಗಿ ಹೇಳಿತ್ತು. ಕೇಳಿಸಿಕೊಳ್ಳಬೇಕಾದವಳು ನಾನು ಕೇಳಿಸಿಕೊಳ್ಳಲಿಲ್ಲ.

ಆ ಬೇಸರದಿಂದ ಶುರುವಾದ ಮಾತು ಇಲ್ಲಿಗೆ ಬಂದು ನಿಂತಿದೆ. ನಮ್ಮ ಹೋಬಳಿಯ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು, ಒಂದಷ್ಟು ತಂದೆ ತಾಯಂದಿರು ಶನಿವಾರದ ಮಧ್ಯಾಹ್ನಗಳಲ್ಲಿ ಕೂತು ಈ ಬೇಡಿಕೆಗಳನ್ನು ಬರೆದಿದ್ದೇವೆ. ಪರೀಕ್ಷೆಯೇ ಬೇಡ ಎನ್ನುವ ಪತ್ರ ಇದಲ್ಲ. ನಾಳೆ ಏನು ಕಲಿಸಬೇಕು ಎಂದು ಶಿಕ್ಷಕರಿಗೆ ತಿಳಿಯಲಿಕ್ಕೆ ಟೆಸ್ಟು ಬೇಕು. ಅದೇ ಟೆಸ್ಟನ್ನು ಮಗುವಿನ ಬೆಲೆ ಕಟ್ಟಲು, ಶಾಲೆಯ ಜಾಹೀರಾತಿಗೆ, ಮನೆಯ ಮರ್ಯಾದೆಗೆ, ಕಚೇರಿಯ ಅಂಕಿಪಟ್ಟಿಗೆ ಬಳಸಲು ಹೊರಟಾಗ ಏಳೆಂಟು ವರ್ಷದ ಕೂಸುಗಳಿಗೆ ಬೆಳಗ್ಗೆ ಎದ್ದ ಕೂಡಲೇ ಹೊಟ್ಟೆನೋವು ಬರುತ್ತದೆ. ಹೀಗಾಗಿ ನಾವು ಕೇಳುತ್ತಿರುವುದು ಇವು.

1. ತಿದ್ದುವ ಪಾಠವಿಲ್ಲದ ಟೆಸ್ಟು ಬೇಡ.

ನಮ್ಮ ಉಳಿದ ಬೇಡಿಕೆಗಳೆಲ್ಲ ಇದಕ್ಕೆ ಜೋತುಬಿದ್ದಿವೆ. ಒಂದರಿಂದ ಐದನೇ ತರಗತಿವರೆಗೆ ಯಾವ ಹೆಸರಿನ ಪರೀಕ್ಷೆಯೇ ಇರಲಿ, ಅದರ ಮರುವಾರದ ವೇಳಾಪಟ್ಟಿಯಲ್ಲಿ ಪ್ರತಿ ವಿಷಯಕ್ಕೂ ಕನಿಷ್ಠ ಎರಡು ಪೀರಿಯಡ್ ‘ತಿದ್ದುವ ಪಾಠ’ಕ್ಕೆ ಮೀಸಲಿರಬೇಕು. ಪೇಪರುಗಳು ಒಂದು ವಾರದೊಳಗೆ ಮಕ್ಕಳ ಕೈಗೆ ವಾಪಸ್ ಬರಬೇಕು. ಯಾವ ತಪ್ಪನ್ನು ಎಷ್ಟು ಮಕ್ಕಳು ಮಾಡಿದ್ದಾರೆ ಎಂದು ಶಿಕ್ಷಕರು ಒಂದು ಪುಟದಲ್ಲಿ ಗುರುತು ಹಾಕಿಕೊಂಡರೆ ಸಾಕು, ಅದೇ ಮುಂದಿನ ಪಾಠದ ಟಿಪ್ಪಣಿ. ತಿದ್ದಿಕೊಂಡ ಮಗುವಿಗೆ ಅದೇ ಪ್ರಶ್ನೆಯನ್ನು ಮತ್ತೆ ಬರೆಯುವ ಅವಕಾಶ ಸಿಗಬೇಕು, ಎರಡನೇ ಸಲದ ಉತ್ತರವೇ ಲೆಕ್ಕಕ್ಕೆ ಹೋಗಬೇಕು. ಸೈಕಲ್ ಕಲಿಯುವಾಗ ಬಿದ್ದದ್ದನ್ನು ಯಾರೂ ಅಂಕಪಟ್ಟಿಯಲ್ಲಿ ಬರೆದಿಡುವುದಿಲ್ಲ.

ಇದಕ್ಕೆ ಸಮಯ ಎಲ್ಲಿದೆ ಎಂದು ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿವೆ. ಅವುಗಳ ಮೇಲೆ 2025ರಲ್ಲಿ ಪಾಠ ಆಧಾರಿತ ಮೌಲ್ಯಾಂಕನವೂ ಬಂತು. ಪ್ರತಿಯೊಂದಕ್ಕೂ ಅಂಕ ದಾಖಲೆ, ಪ್ರತಿಯೊಂದಕ್ಕೂ ಕೊನೆಯ ದಿನಾಂಕ. ರೂಪಣಾತ್ಮಕ ಎಂಬ ಮಾತಿಗೇ ಕಲಿಕೆಯನ್ನು ರೂಪಿಸುವುದು ಎಂಬ ಅರ್ಥವಿದೆ. ನಮ್ಮ ಶಾಲೆಗಳಲ್ಲಿ ಅದು ಎಫ್‌ಎ-1, ಎಫ್‌ಎ-2 ಎಂಬ ಸಣ್ಣ ಪರೀಕ್ಷೆಗಳ ಹೆಸರಾಗಿ ಉಳಿದಿದೆ. ಆದ್ದರಿಂದ ಇಲಾಖೆ ಟೆಸ್ಟುಗಳ ಸಂಖ್ಯೆಯನ್ನೂ ದಾಖಲೆಯ ಕಾಲಂಗಳನ್ನೂ ಇಳಿಸಲಿ. ಉಳಿಯುವ ಹೊತ್ತು ತಿದ್ದುವ ಪಾಠಕ್ಕೆ ಹೋಗಲಿ.

2. ಎಲ್‌ಕೆಜಿಯಿಂದ ಎರಡನೇ ತರಗತಿ ಮುಗಿಯುವವರೆಗೆ ಕೂರಿಸಿ ಬರೆಸುವ ಪರೀಕ್ಷೆ ನಿಲ್ಲಬೇಕು.

ಇದು ನಮ್ಮ ಹೊಸ ಕಲ್ಪನೆಯಲ್ಲ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಟೆಸ್ಟು, ಪರೀಕ್ಷೆಗಳು ಪೂರ್ತಿ ಅನುಚಿತ ಎಂದು ಬಿಡಿಸಿ ಹೇಳಿದೆ. ಅದಕ್ಕೂ ಬಹಳ ಮೊದಲೇ ನಮ್ಮ ನೆಲದಲ್ಲಿ ಇದನ್ನು ಮಾಡಿ ತೋರಿಸಲಾಗಿತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಹುಟ್ಟಿದ ನಲಿ-ಕಲಿಯಲ್ಲಿ ಮಗು ಕಲಿಕಾ ಏಣಿಯ ಮೆಟ್ಟಿಲುಗಳನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಕಾರ್ಡು ಹಿಡಿದು ಆಡುತ್ತ ಓದುತ್ತದೆ, ಮೌಲ್ಯಮಾಪನ ಆ ಏಣಿಯ ನಡುವೆಯೇ ಇನ್ನೊಂದು ಮೆಟ್ಟಿಲಾಗಿ ಬರುತ್ತದೆ. ಒಂದು ವಾರ ಜ್ವರ ಬಂದು ಬಿಟ್ಟ ಮಗು ತಾನು ನಿಂತಿದ್ದ ಮೆಟ್ಟಿಲಿಗೇ ವಾಪಸ್ ಬರುತ್ತದೆ. ಫೇಲು ಎಂಬ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಸರ್ಕಾರಿ ಶಾಲೆಯ ಆರಂಭದ ತರಗತಿಗಳಲ್ಲಿ ಇದು ಇನ್ನೂ ಇದೆ. ಇದನ್ನು ‘ಆಟ ಆಡಿಸಿ ಕಾಲ ಕಳೆಯೋದು’ ಎಂದು ಹೀಗಳೆಯುವವರು ಒಂದು ದಿನ ಒಳ್ಳೆಯ ನಲಿ-ಕಲಿ ತರಗತಿಯ ಚಾಪೆಯ ಮೇಲೆ ಕೂತು ನೋಡಬೇಕೆಂದು ವಿನಂತಿ.

ಖಾಸಗಿ ಶಾಲೆಗಳಲ್ಲಿ ಮಾತ್ರ ಯುಕೆಜಿ ಮಗುವಿಗೂ ಟೈಮ್ ಟೇಬಲ್, ‘ಪೋರ್ಷನ್’, ರಿವಿಷನ್ ಟೆಸ್ಟು. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವ ವಯಸ್ಸಿನಲ್ಲಿ ಡಿಕ್ಟೇಷನ್. ಪರೀಕ್ಷೆಗೆ ಹೆಸರಾದ ಸಿಂಗಪುರವೇ 2019ರಿಂದ ಒಂದು ಮತ್ತು ಎರಡನೇ ತರಗತಿಗಳ ಪರೀಕ್ಷೆಗಳನ್ನು ತೆಗೆದುಹಾಕಿತು. ನಮ್ಮ ಶಾಲೆಗಳೂ ಧೈರ್ಯ ಮಾಡಬೇಕು. ಸೇರಿಸಿಕೊಳ್ಳುವಾಗ ಮಗುವನ್ನೋ ಹೆತ್ತವರನ್ನೋ ಪರೀಕ್ಷಿಸುವುದಂತೂ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ನಿನ ಪ್ರಕಾರ ಕಾನೂನುಬಾಹಿರ. ಅದನ್ನು ‘ಇಂಟರ್ಯಾಕ್ಷನ್’ ಎಂದು ಕರೆದರೂ ಅಷ್ಟೇ.

3. ವರ್ಷದ ನಡುವೆ ಪರೀಕ್ಷೆಯ ನಿಯಮ ಬದಲಾಗಬಾರದು. ಐದನೇ ತರಗತಿಯ ಮಗುವಿನ ಮೇಲೆ ಬೋರ್ಡು ಪರೀಕ್ಷೆ ಹೇರಬಾರದು.

2023 ಮತ್ತು 2024ರ ಮಾರ್ಚ್ ತಿಂಗಳುಗಳನ್ನು ನಾವು ಮರೆತಿಲ್ಲ. 2023ರಲ್ಲಿ ಐದು ಮತ್ತು ಎಂಟನೇ ತರಗತಿಯ ರಾಜ್ಯಮಟ್ಟದ ಪರೀಕ್ಷೆಯನ್ನು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು, ವಿಭಾಗೀಯ ಪೀಠ ನಡೆಸಬಹುದೆಂದಿತು, ಕಡೆಗೆ ಮಾರ್ಚ್ 27ರಿಂದ ನಡೆಯಿತು. ಮರುವರ್ಷ ಇದಕ್ಕಿಂತ ಕಷ್ಟ. 2024ರ ಮಾರ್ಚ್ 6ರಂದು ರದ್ದು, 7ರಂದು ಆ ರದ್ದತಿಗೆ ತಡೆಯಾಜ್ಞೆ, 11ರಂದು ಪರೀಕ್ಷೆ ಆರಂಭ, 12ರಂದು ಸುಪ್ರೀಂ ಕೋರ್ಟಿನ ಆದೇಶ ಬಂದು ನಡುವೆಯೇ ನಿಲುಗಡೆ, 22ರಂದು ಮತ್ತೆ ಅನುಮತಿ, 25ರಿಂದ ಉಳಿದ ವಿಷಯಗಳು, ಏಪ್ರಿಲ್ 8ರಂದು ಮತ್ತೆ ಸುಪ್ರೀಂ ಕೋರ್ಟಿನ ತಡೆ. ಹತ್ತು ವರ್ಷದ ಮಗಳು ರಾತ್ರಿ ಊಟಕ್ಕೆ ಕೂತಾಗ “ನಾಳೆ ಪರೀಕ್ಷೆ ಇದೆಯಾ, ಇಲ್ವಾ? ಕೋರ್ಟು ಏನಂತು?” ಎಂದು ಕೇಳುತ್ತಿದ್ದಳು ಎಂದು ನಮ್ಮಲ್ಲೊಬ್ಬ ತಾಯಿ ಹೇಳಿದರು. ಹೇಳಲು ಆಕೆಯ ಬಳಿಯೂ ಉತ್ತರವಿರಲಿಲ್ಲ. ಯಾರು ಗೆದ್ದರು, ಯಾರು ಸೋತರು ಎಂಬ ಚರ್ಚೆಗೆ ನಾವು ಹೋಗುವುದಿಲ್ಲ. ಆ ಮೂರು ವಾರ ಮಕ್ಕಳು ಪುಸ್ತಕ ಮುಚ್ಚಲಾರದೆ, ತೆರೆಯಲಾರದೆ ಇದ್ದದ್ದನ್ನು ಕಣ್ಣಾರೆ ಕಂಡಿದ್ದೇವೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್, ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವೂ ಬೋರ್ಡು ಪರೀಕ್ಷೆ ಪಾಸಾಗಲೇಬೇಕಿಲ್ಲ ಎನ್ನುತ್ತದೆ. 29ನೇ ಸೆಕ್ಷನ್, ಕಲಿಕೆ ಮತ್ತು ಮೌಲ್ಯಮಾಪನದ ವಿಧಾನವು ಮಗುವನ್ನು ಭಯ, ಆಘಾತ, ಆತಂಕಗಳಿಂದ ದೂರ ಇಡಬೇಕೆನ್ನುತ್ತದೆ. 2019ರ ತಿದ್ದುಪಡಿ ಐದು ಮತ್ತು ಎಂಟರಲ್ಲಿ ನಿಯತ ಪರೀಕ್ಷೆಗೆ ಅವಕಾಶ ಕೊಟ್ಟಿದೆ ನಿಜ. ಪಾಸಾಗದ ಮಗುವಿಗೆ ಹೆಚ್ಚುವರಿ ಪಾಠ ಹೇಳಿ ಎರಡು ತಿಂಗಳೊಳಗೆ ಮರುಪರೀಕ್ಷೆ ಮಾಡಬೇಕು ಎಂದೂ ಅದು ಹೇಳುತ್ತದೆ. ಆಮೇಲೂ ತಡೆಹಿಡಿಯಬೇಕೇ ಎಂಬುದನ್ನು ರಾಜ್ಯಗಳ ವಿವೇಚನೆಗೆ ಬಿಟ್ಟಿದೆ. ಕೇಂದ್ರವು 2024ರ ಡಿಸೆಂಬರಿನಲ್ಲಿ ತನ್ನ ಶಾಲೆಗಳಲ್ಲಿ ತಡೆಹಿಡಿಯುವ ನಿಯಮ ತಂದಿತು. ಕರ್ನಾಟಕ ಆ ದಾರಿ ಹಿಡಿಯಬಾರದು. ಐದನೇ ತರಗತಿಯಲ್ಲಿ ಕೂತಲ್ಲೇ ಕೂರಿಸಿದ ಮಗು, ಅದರಲ್ಲೂ ಹಳ್ಳಿಯ ಹೆಣ್ಣುಮಗು, ಮುಂದಿನ ಜೂನ್‌ನಲ್ಲಿ ಶಾಲೆಗೆ ಬರುತ್ತಾಳೆಂಬ ಭರವಸೆ ನಮಗಿಲ್ಲ. ಪರೀಕ್ಷೆಯ ಸ್ವರೂಪ ಏನೇ ಇರಲಿ, ಶಾಲೆ ಶುರುವಾಗುವ ಮೊದಲೇ ಪ್ರಕಟವಾಗಲಿ. ಆಮೇಲೆ ಮುಂದಿನ ವರ್ಷದವರೆಗೆ ಅದನ್ನು ಮುಟ್ಟುವುದು ಬೇಡ.

4. ಅಂಕ ಮಗುವಿನದು. ಅದನ್ನು ಗಟ್ಟಿಯಾಗಿ ಓದಬಾರದು.

ತರಗತಿಯಲ್ಲಿ ಎದ್ದು ನಿಲ್ಲಿಸಿ ಅಂಕ ಹೇಳುವುದು, ಹೆಚ್ಚಿನಿಂದ ಕಡಿಮೆಗೆ ಪೇಪರು ಹಂಚುವುದು, ಪೋಷಕರ ವಾಟ್ಸಾಪ್ ಗುಂಪಿಗೆ ಪಟ್ಟಿ ಹಾಕುವುದು, ಅಂಕದ ಪ್ರಕಾರ ಬೆಂಚು ಬದಲಿಸುವುದು ನಿಲ್ಲಬೇಕು. ಹೆಚ್ಚಿನಿಂದ ಕಡಿಮೆಗೆ ಹಂಚುವಾಗ ಕೊನೆಯ ನಾಲ್ಕೈದು ಮಕ್ಕಳ ಮುಖ ನೋಡಿದವರಿಗೆ ಬೇರೆ ವಿವರಣೆ ಬೇಡ. ತಮ್ಮ ಸರದಿ ಇನ್ನೂ ಬಂದಿಲ್ಲ, ಇನ್ನೂ ಬಂದಿಲ್ಲ ಎಂದು ಅವು ಡೆಸ್ಕಿನ ಮರವನ್ನು ಉಗುರಿನಿಂದ ಕೆರೆಯುತ್ತಿರುತ್ತವೆ. ಮಕ್ಕಳಿಗೆ ಮಾನಸಿಕ ಹಿಂಸೆ ಕೊಡುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಬೆತ್ತ ಕೆಳಗಿಟ್ಟ ನಾವು ಅಂಕಪಟ್ಟಿಯನ್ನು ಬೆತ್ತವಾಗಿ ಎತ್ತಿಕೊಳ್ಳಬಾರದು. ಪೇಪರನ್ನು ಮಡಿಸಿ ಮಗುವಿನ ಕೈಗೆ ಕೊಡಿ. ಒಳಗಡೆ ಅಂಕ, ಅದರ ಜೊತೆ ಒಂದು ಸಾಲು: ಯಾವುದು ಚೆನ್ನಾಗಿದೆ, ಯಾವುದನ್ನು ನಾಳೆ ಕೂತು ಸರಿಮಾಡೋಣ. ಅಷ್ಟು ಸಾಕು.

5. ಫೀಸು ಬಾಕಿಯಿದೆ ಎಂದು ಯಾವ ಮಗುವನ್ನೂ ಪರೀಕ್ಷೆಯಿಂದ ಎಬ್ಬಿಸಿ ಹೊರಗೆ ನಿಲ್ಲಿಸಬಾರದು. ಆ ಲೆಕ್ಕ ದೊಡ್ಡವರ ನಡುವಿನದು.

6. ಪ್ರಶ್ನೆಪತ್ರಿಕೆ ಮಗುವಿಗೆ ಅರ್ಥವಾಗುವ ಮಾತಿನಲ್ಲಿರಬೇಕು, ಪ್ರಶ್ನೆಯನ್ನು ಓದಿ ಹೇಳಬೇಕು.

‘ಸರಿಯಾದ ಉತ್ತರವನ್ನು ಆರಿಸಿ ಬರೆಯಿರಿ’ ಎಂದು ಒಂದು ಪತ್ರಿಕೆಯಲ್ಲಿತ್ತು. ಮೂರನೇ ತರಗತಿಯ ಹುಡುಗಿ ಕೈ ಎತ್ತಿ, “ಮಿಸ್, ಏನು ಆರಿಸಬೇಕು?” ಎಂದು ಕೇಳಿದಳು. ಅವಳ ಮನೆಯಲ್ಲಿ ಆರಿಸುವುದು ಎಂದರೆ ದೀಪ ಆರಿಸುವುದು. ಮೇಲ್ವಿಚಾರಣೆಗೆ ಬೇರೆ ತರಗತಿಯಿಂದ ಬಂದಿದ್ದವರು ‘ಪರೀಕ್ಷೇಲಿ ಮಾತಾಡಬಾರದು’ ಎಂದು ಕೂರಿಸಿದರು. ಆ ಪ್ರಶ್ನೆಯ ಐದೂ ಅಂಕ ಹೋಯಿತು. ಅವಳಿಗೆ ಐದೂ ಉತ್ತರ ಗೊತ್ತಿತ್ತು, ಮರುದಿನ ಬಾಯಲ್ಲಿ ಕೇಳಿದಾಗ ಹೇಳಿದಳು.

ಮನೆಯಲ್ಲಿ ಲಂಬಾಣಿ, ತುಳು, ಉರ್ದು, ಬ್ಯಾರಿ, ಕೊಂಕಣಿ, ತೆಲುಗು ಆಡುವ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಕನ್ನಡ ಮನೆಮಾತಿನ ಮಕ್ಕಳಿಗೂ ಧಾರವಾಡದ ಮಾತು ಬೇರೆ, ಚಾಮರಾಜನಗರದ ಮಾತು ಬೇರೆ. ಆದ್ದರಿಂದ ಐದನೇ ತರಗತಿವರೆಗೆ ಪತ್ರಿಕೆಯನ್ನು ಪಾಠ ಮಾಡಿದ ಶಿಕ್ಷಕರೇ ತಯಾರಿಸಲಿ. ಹೊರಗಿನಿಂದ ಕಟ್ಟುಕಟ್ಟಾಗಿ ತರಿಸುವ ಪತ್ರಿಕೆಗಳು ಬೇಡ. ಅಕ್ಷರ ದೊಡ್ಡದಿರಲಿ, ಉತ್ತರಕ್ಕೆ ಜಾಗ ಧಾರಾಳವಾಗಿರಲಿ. ಮೊದಲ ಪ್ರಶ್ನೆ ಎಲ್ಲ ಮಕ್ಕಳಿಗೂ ಬರುವಂಥದ್ದಿರಲಿ. ಒಂದು ಸರಿಯಾಯಿತು ಎಂದಾಗ ಕೈ ನಡುಗುವುದು ನಿಲ್ಲುತ್ತದೆ. ಪತ್ರಿಕೆ ಕೊಟ್ಟ ಮೇಲೆ ಹತ್ತು ನಿಮಿಷ ಪ್ರತಿ ಪ್ರಶ್ನೆಯನ್ನೂ ಶಿಕ್ಷಕರು ಓದಿ, ಏನು ಮಾಡಬೇಕೆಂದು ಹೇಳಲಿ. ಓದುವುದನ್ನು ಪರೀಕ್ಷಿಸಬೇಕಿದ್ದರೆ ಅದನ್ನು ಬೇರೆಯಾಗಿ ಪರೀಕ್ಷಿಸೋಣ, ಗಣಿತದ ಜೊತೆ ಬೆರೆಸುವುದು ಬೇಡ.

7. ನೋಟ್ಸಿನಲ್ಲಿ ಇದ್ದಂತೆಯೇ ಬರೆದಿಲ್ಲ ಎಂದು ಅಂಕ ಕಡಿಯಬಾರದು.

‘ನೀರಿನ ಮೂಲಗಳನ್ನು ಹೆಸರಿಸಿ’ ಎಂಬುದಕ್ಕೆ ಮಗು ‘ನಮ್ಮೂರ ಬೋರು, ಟ್ಯಾಂಕರು, ಅಜ್ಜಿ ಮನೆ ಬಾವಿ’ ಎಂದು ಬರೆದಿತ್ತು. ಕೆಂಪು ಗೆರೆ ಬಿತ್ತು, ಏಕೆಂದರೆ ನೋಟ್ಸಿನಲ್ಲಿ ‘ಮಳೆ, ನದಿ, ಕೆರೆ, ಬಾವಿ’ ಎಂದಿದೆ. ಟ್ಯಾಂಕರಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಆ ಮಗುವನ್ನು ಕೇಳಿದ್ದರೆ ಎಷ್ಟು ಒಳ್ಳೆಯ ಪಾಠವಾಗುತ್ತಿತ್ತು! ತನ್ನ ಮಾತಿನಲ್ಲಿ ಬರೆದದ್ದು ತಪ್ಪು ಎಂದು ಎರಡು ಸಲ ಅನ್ನಿಸಿಕೊಂಡ ಮಗು ಮೂರನೇ ಸಲ ಬಾಯಿಪಾಠಕ್ಕೆ ಇಳಿಯುತ್ತದೆ. ಬಾಯಿಪಾಠ ಮಾಡಿದ ಮಗುವಿಗೆ ಒಂದು ಪದ ಮರೆತರೂ ಇಡೀ ಉತ್ತರ ಕೈಜಾರುತ್ತದೆ, ಹಾಳೆಯ ಮುಂದೆ ದಿಕ್ಕು ತಪ್ಪಿ ಕೂರುತ್ತದೆ. ಪರೀಕ್ಷಾ ಭಯದ ಬಹುಪಾಲು ಇಲ್ಲೇ ಹುಟ್ಟುತ್ತದೆಂದು ನಾನು ನಂಬಿದ್ದೇನೆ.

ಮೈಸೂರಿನ ಆರ್. ಕೆ. ನಾರಾಯಣ್ ರಾಜ್ಯಸಭೆಯ ತಮ್ಮ ಮೊದಲ ಭಾಷಣದಲ್ಲೇ ಶಾಲಾ ಮಕ್ಕಳ ಬ್ಯಾಗಿನ ಹೊರೆಯ ಬಗ್ಗೆ ಮಾತಾಡಿದ್ದರು. ಆಮೇಲೆ ಪ್ರೊಫೆಸರ್ ಯಶಪಾಲ್ ಸಮಿತಿ ರಚನೆಯಾಗಿ 1993ರಲ್ಲಿ ವರದಿ ಕೊಟ್ಟಿತು. ಬ್ಯಾಗಿನ ತೂಕಕ್ಕಿಂತ ಅರ್ಥವಾಗದೆ ಹೊರುವ ಪಾಠದ ಹೊರೆಯೇ ಹೆಚ್ಚು ಕೆಟ್ಟದ್ದು ಎಂದು ಆ ಸಮಿತಿ ಕಂಡುಕೊಂಡಿತ್ತು. ಬ್ಯಾಗನ್ನು ತೂಗಲು ತಕ್ಕಡಿ ತಂದೆವು, ಸುತ್ತೋಲೆ ಹೊರಡಿಸಿದೆವು. ಆ ಇನ್ನೊಂದು ಹೊರೆಯ ಕಡೆ ಇನ್ನಾದರೂ ನೋಡಬೇಕು.

8. ಪರೀಕ್ಷೆಯ ದಿನ ಮಗುವಿನ ದೇಹವನ್ನು ಮರೆಯಬಾರದು.

ಒಂದಕ್ಕೆ ಹೋಗಲು ಬಿಡದೆ ಕೂರಿಸಿದ್ದರಿಂದ ಕೂತಲ್ಲೇ ಒದ್ದೆ ಮಾಡಿಕೊಂಡ ಮಗುವೊಂದು ವರ್ಷಗಟ್ಟಲೆ ಆ ಬೆಂಚಿನ ಹತ್ತಿರ ಹೋಗಲಿಲ್ಲ. ಪರೀಕ್ಷೆಯ ನಡುವೆ ಶೌಚಾಲಯಕ್ಕೆ ಹೋಗುವುದು, ನೀರು ಕುಡಿಯುವುದು ಮಗುವಿನ ಹಕ್ಕು, ಅದಕ್ಕೆ ಅಪ್ಪಣೆಯ ಅಗತ್ಯವಿಲ್ಲ ಎಂದು ಗೋಡೆಯ ಮೇಲೆ ಬರೆದು ಹಾಕಿ. ತನ್ನದೇ ತರಗತಿ, ತನ್ನದೇ ಜಾಗ, ತನ್ನದೇ ಟೀಚರು. ಬೆಳಗಿನ ಹಾಲು ಕೊಟ್ಟ ಮೇಲೆಯೇ ಪತ್ರಿಕೆ ಹಂಚಿ. ಖಾಲಿ ಹೊಟ್ಟೆಯಲ್ಲಿ ಬರುವ ಮಕ್ಕಳು ಎಷ್ಟು ಎಂದು ಯಾವ ಸರ್ಕಾರಿ ಶಾಲೆಯ ಶಿಕ್ಷಕರನ್ನಾದರೂ ಕೇಳಿ. ಕಲಬುರಗಿ, ರಾಯಚೂರಿನ ಕಡೆಯ ಮಾರ್ಚ್ ಬಿಸಿಲಿನಲ್ಲಿ ಮಧ್ಯಾಹ್ನದ ಪರೀಕ್ಷೆ ಬೇಡ. ದಿನಕ್ಕೆ ಒಂದೇ ವಿಷಯ ಇರಲಿ.

9. ನಿಧಾನವಾಗಿ ಬರೆಯುವ ಮಗುವಿಗೆ ಹೊತ್ತು ಕೊಡಬೇಕು, ಓದು ಬರಹದಲ್ಲಿ ತೊಡಕಿರುವ ಮಗುವನ್ನು ಬೇಗ ಗುರುತಿಸಬೇಕು.

ನಾಲ್ಕನೇ ತರಗತಿವರೆಗೆ ಗಡಿಯಾರ ನೋಡಿ ಪೇಪರು ಕಸಿಯುವುದು ನಿಲ್ಲಲಿ. ಬರೆದು ಮುಗಿಸಿದವರು ಹೊರಗೆ ಮರದ ಕೆಳಗೆ ಚಿತ್ರ ಬರೆಯಲಿ, ಉಳಿದವರು ಮುಗಿಸಲಿ. ಇಷ್ಟೆಲ್ಲ ಹೊತ್ತು ಕೊಟ್ಟರೂ ‘ದ’ ಮತ್ತು ‘ಧ’, ‘ನ’ ಮತ್ತು ‘ಸ’ ತಿರುತಿರುಗಿ ತಪ್ಪುವ, ಬಾಯಲ್ಲಿ ಎಲ್ಲವನ್ನೂ ಹೇಳಿ ಬರೆಯಲು ಮಾತ್ರ ಒದ್ದಾಡುವ ಮಕ್ಕಳಿರುತ್ತಾರೆ. ಅವರನ್ನು ಸೋಮಾರಿ ಎನ್ನುವುದು ಅನ್ಯಾಯ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ನ್ಯೂನತೆಗಳಲ್ಲಿ ಒಂದೆಂದು ಗುರುತಿಸಿದೆ. ಆದರೆ ಪ್ರಮಾಣಪತ್ರಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಕೂಲಿ ಬಿಟ್ಟು ಹೋಗಿಬರಲು ಎಷ್ಟು ತಂದೆ ತಾಯಂದಿರಿಂದ ಆದೀತು? ಪ್ರತಿ ತಾಲ್ಲೂಕಿನಲ್ಲೂ ವರ್ಷಕ್ಕೆರಡು ಸಲ ತಪಾಸಣಾ ಶಿಬಿರ ನಡೆಯಲಿ. ಪ್ರಾಥಮಿಕ ತರಗತಿಗಳಲ್ಲಿ ಪ್ರಮಾಣಪತ್ರ ಬರುವ ಮೊದಲೇ, ಟೀಚರ ಒಂದು ಟಿಪ್ಪಣಿಯ ಮೇಲೆ, ಹೆಚ್ಚಿನ ಸಮಯ ಮತ್ತು ಬಾಯಲ್ಲಿ ಉತ್ತರಿಸುವ ಅವಕಾಶ ಸಿಗಲಿ.

10. ಜ್ವರ ಬಂದ ಮಗು, ಕಬ್ಬು ಕಡಿಯಲು ಹೋದ ಹೆತ್ತವರ ಜೊತೆ ಊರು ಬಿಟ್ಟ ಮಗು, ಮನೆಯಲ್ಲಿ ಸಾವಾದ ಮಗು ಬಂದ ದಿನವೇ ಅದಕ್ಕೆ ಪರೀಕ್ಷೆ ಕೊಡಬೇಡಿ. ‘ಗೈರು’ ಎಂದು ಬರೆದು ಸೊನ್ನೆ ಹಾಕುವುದೂ ಬೇಡ. ಒಂದು ವಾರ ಕೂತು ಪಾಠ ಕೇಳಲಿ, ಆಮೇಲೆ ಬರೆಯಲಿ.

11. ಪರೀಕ್ಷೆ ಬರೆಯುವುದನ್ನೂ ಕಲಿಸಬೇಕು.

ಈಜು ಬರದವನನ್ನು ಬಾವಿಗೆ ತಳ್ಳಿದಂತೆ ಮಕ್ಕಳನ್ನು ಪರೀಕ್ಷೆಗೆ ಕೂರಿಸುತ್ತೇವೆ. ಟೆಸ್ಟು ಎಂದರೆ ಏನು, ಹೇಗೆ ಬರೆಯಬೇಕು ಎಂದು ಯಾರೂ ಕೂತು ಹೇಳಿಕೊಟ್ಟಿರುವುದಿಲ್ಲ. ಮೂರನೇ ತರಗತಿಯಿಂದ ಪ್ರತಿ ಪರೀಕ್ಷೆಗೂ ಮುನ್ನ ಒಂದು ಪೀರಿಯಡ್ ಇದಕ್ಕೇ ಇರಲಿ ಎಂಬುದು ನಮ್ಮ ಬೇಡಿಕೆ.

ಏನು ಕಲಿಸಬೇಕು ಎಂದರೆ, ನಾವು ಮಾಡಿ ನೋಡಿದವು ಇವು. ಪತ್ರಿಕೆ ಕೈಗೆ ಬಂದ ಮೇಲೆ ಪೆನ್ಸಿಲ್ ಕೆಳಗಿಟ್ಟು ಮೂರು ಸಲ ನಿಧಾನವಾಗಿ ಉಸಿರು ಎಳೆದು ಬಿಡುವುದು. ಹೂವು ಮೂಸಿದಂತೆ ಒಳಗೆ, ಬಿಸಿ ಹಾಲು ಆರಿಸಿದಂತೆ ಹೊರಗೆ ಎಂದರೆ ಮಕ್ಕಳಿಗೆ ತಕ್ಷಣ ಬರುತ್ತದೆ. ಬರುವ ಪ್ರಶ್ನೆಯನ್ನು ಮೊದಲು ಮಾಡುವುದು. ಬಾರದ ಪ್ರಶ್ನೆಯ ಪಕ್ಕ ಒಂದು ಚುಕ್ಕಿ ಇಟ್ಟು ಮುಂದೆ ಹೋಗಿ, ಕೊನೆಗೆ ಚುಕ್ಕಿಗಳ ಹತ್ತಿರ ವಾಪಸ್ ಬರುವುದು. ತಪ್ಪಾದರೆ ಉಜ್ಜಿ ತೂತು ಮಾಡದೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯುವುದು. ಗೆರೆ ಎಳೆದದ್ದಕ್ಕೆ ಅಂಕ ಹೋಗುವುದಿಲ್ಲ ಎಂದು ಟೀಚರು ಮಾತು ಕೊಡಬೇಕು, ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಹೆದರಿಕೆಯಾದರೆ ಹಾಳೆಯ ಮೂಲೆಯಲ್ಲಿ ಒಂದು ಮುಖ ಬರೆಯಬಹುದು. ಆ ಮುಖ ಕಂಡ ಟೀಚರು ಮಗುವಿನ ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಟ್ಟು ನಿಲ್ಲುತ್ತಾರೆ, ಬೈಯುವುದಿಲ್ಲ.

ಇನ್ನೊಂದು ಸಾಧನ ನಮ್ಮ ಶಾಲೆಗಳಲ್ಲಿ ಮೊದಲಿನಿಂದಲೂ ಇತ್ತು, ಅದು ಸ್ಲೇಟು. ಟೀಚರು ಪ್ರಶ್ನೆ ಕೇಳುತ್ತಾರೆ, ಎಲ್ಲರೂ ಬರೆದು ಒಟ್ಟಿಗೆ ಸ್ಲೇಟು ಎತ್ತಿ ತೋರಿಸುತ್ತಾರೆ. ಎರಡು ನಿಮಿಷದಲ್ಲಿ ಮೂವತ್ತು ಮಕ್ಕಳ ಉತ್ತರ ಕಣ್ಣಿಗೆ ಬೀಳುತ್ತದೆ. ತಪ್ಪಿದ್ದರೆ ಒರೆಸಿದರಾಯಿತು, ಗುರುತೂ ಉಳಿಯುವುದಿಲ್ಲ. ಪುಸ್ತಕವನ್ನು ಮತ್ತೆ ಮತ್ತೆ ಓದುವುದಕ್ಕಿಂತ, ಮುಚ್ಚಿಟ್ಟು ನೆನಪಿನಿಂದ ಹೊರತೆಗೆಯುವುದರಿಂದ ಕಲಿತದ್ದು ಹೆಚ್ಚು ದಿನ ಉಳಿಯುತ್ತದೆ ಎಂಬುದು ಕಲಿಕೆಯ ಬಗ್ಗೆ ನಡೆದಿರುವ ಸಂಶೋಧನೆಗಳಲ್ಲಿ ಗಟ್ಟಿಯಾಗಿ ನಿಂತಿರುವ ಸಂಗತಿ. ಅಂಕವಿಲ್ಲದ ಸ್ಲೇಟಿನ ಟೆಸ್ಟು ದಿನಾ ನಡೆದರೆ ಮಗುವಿಗೆ ಲಾಭವೇ. ದಿನಾ ಇರುವುದಕ್ಕೆ ಯಾವ ಮಗುವೂ ಹೆದರಿ ವಾಂತಿ ಮಾಡಿಕೊಳ್ಳುವುದಿಲ್ಲ. ಒಂದರಿಂದ ಐದನೇ ತರಗತಿಯ ಪ್ರತಿ ಮಗುವಿಗೂ ಒಂದು ಸ್ಲೇಟು ವಾಪಸ್ ಕೊಡಿ.

12. ಫಲಿತಾಂಶದ ಶೇಕಡಾವಾರು ಹಿಡಿದು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ನೋಟಿಸು ಕೊಡುವುದನ್ನು ಕೈಬಿಡಬೇಕು. ಮೇಲಿನಿಂದ ಬಂದ ಹೆದರಿಕೆಯನ್ನು ಶಿಕ್ಷಕರು ತಮ್ಮಲ್ಲೇ ಇಟ್ಟುಕೊಳ್ಳಲಾರರು, ಅದು ಮಗುವಿನ ಬೆಂಚಿನವರೆಗೆ ಇಳಿಯುತ್ತದೆ. ಗಣತಿ, ಚುನಾವಣೆ, ಸಮೀಕ್ಷೆಗಳಿಗೆ ಕಳಿಸಿ ಪಾಠದ ದಿನ ಕಸಿದುಕೊಂಡ ಮೇಲೆ ಪೋರ್ಷನ್ ಮುಗಿದಿಲ್ಲವೇಕೆ ಎಂದು ಕೇಳುವುದೂ ನ್ಯಾಯವಲ್ಲ.

13. ನರಳುತ್ತಿರುವ ಮಗುವನ್ನು ಗುರುತಿಸುವ ಕಣ್ಣು ಪ್ರತಿ ಶಾಲೆಯಲ್ಲೂ ಇರಬೇಕು.

ಟೆಸ್ಟಿನ ದಿನವೇ ಬರುವ ಹೊಟ್ಟೆನೋವು ನಾಟಕವಲ್ಲ. ಹೆದರಿದ ದೇಹದಲ್ಲಿ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಉಗುರು ಕಚ್ಚಿ ರಕ್ತ ಬರಿಸಿಕೊಳ್ಳುವುದು, ನಿದ್ದೆಯಲ್ಲಿ ಬೆಚ್ಚುವುದು, ಅಂಕಪಟ್ಟಿ ಬಚ್ಚಿಡುವುದು, ಅಪ್ಪನ ಸಹಿ ತಾನೇ ಹಾಕುವುದು, ಇವೆಲ್ಲ ಮಗು ಹೇಳಲಾರದ ಮಾತುಗಳು. ಪ್ರತಿ ಕ್ಲಸ್ಟರಿಗೆ ತರಬೇತಾದ ಒಬ್ಬ ಆಪ್ತ ಸಮಾಲೋಚಕರು ಬೇಕು, ತಿಂಗಳಿಗೊಮ್ಮೆ ಶಾಲೆಗೆ ಬರಬೇಕು. ಅಲ್ಲಿಯವರೆಗೆ ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416, ಈ ಎರಡು ಸಂಖ್ಯೆಗಳು ಪ್ರತಿ ತರಗತಿಯ ಬಾಗಿಲ ಮೇಲೂ ಪ್ರತಿ ಪ್ರಗತಿಪತ್ರದ ಹಿಂಬದಿಯಲ್ಲೂ ಅಚ್ಚಾಗಲಿ.

14. ಮನೆಯ ಕಡೆಯಿಂದ ನಾವು ಬರೆದುಕೊಡುವುದು.

ಶಾಲೆಯನ್ನಷ್ಟೇ ಕೇಳಿ ನಾವು ಕೈಕಟ್ಟಿ ಕೂರುವುದು ಸರಿಯಲ್ಲ. ಕೆಳಗೆ ಸಹಿ ಹಾಕುವ ತಂದೆ ತಾಯಂದಿರು ಇಷ್ಟನ್ನು ಒಪ್ಪಿದ್ದೇವೆ. ಟೆಸ್ಟಿನ ಹಿಂದಿನ ರಾತ್ರಿ ಒಂಬತ್ತಕ್ಕೆ ಮಗು ಮಲಗಿರುತ್ತದೆ. ಬೆಳಗ್ಗೆ ತಿಂಡಿಯ ತಟ್ಟೆಯ ಮುಂದೆ, ಬಸ್‌ಸ್ಟಾಪಿನಲ್ಲಿ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಪ್ರಶ್ನೆ ಕೇಳುವುದಿಲ್ಲ. ಮನೆಗೆ ಬಂದ ಕೂಡಲೇ ಪತ್ರಿಕೆ ಹಿಡಿದು ‘ಇದಕ್ಕೇನು ಬರೆದೆ, ಇದಕ್ಕೇನು ಬರೆದೆ’ ಎಂದು ಇನ್ನೊಂದು ಪರೀಕ್ಷೆ ಮಾಡುವುದಿಲ್ಲ, ಮೊದಲು ಊಟ ಹಾಕುತ್ತೇವೆ. ‘ನಿನಗೆ ಎಷ್ಟು?’ ಎಂದ ಮೇಲೆ ‘ಪಕ್ಕದ ಮನೆಯವಳಿಗೆ ಎಷ್ಟು?’ ಎಂದು ಕೇಳುವುದಿಲ್ಲ. ನೂರು ತೆಗೆದರೆ ಸೈಕಲ್, ತೆಗೆಯದಿದ್ದರೆ ಹಾಸ್ಟೆಲ್ ಎಂಬ ಮಾತು ಆಡುವುದಿಲ್ಲ. ಎರಡನೇ ತರಗತಿವರೆಗೆ ಮನೆಗೆಲಸವೇ ಬೇಡ, ಮೂರರಿಂದ ಐದರವರೆಗೆ ವಾರಕ್ಕೆ ಎರಡು ಗಂಟೆಗಿಂತ ಹೆಚ್ಚು ಬೇಡ ಎಂದು 2020ರ ಶಾಲಾ ಬ್ಯಾಗ್ ನೀತಿ ಹೇಳಿದೆ. ಅದನ್ನು ಮೀರಿ ಹೋಂವರ್ಕ್ ಕೊಡಿ ಎಂದು ಶಾಲೆಯನ್ನು ಒತ್ತಾಯಿಸುತ್ತಿದ್ದವರು ನಮ್ಮಲ್ಲೂ ಇದ್ದರು, ಇನ್ನು ಮುಂದೆ ಒತ್ತಾಯಿಸುವುದಿಲ್ಲ.

ನಮ್ಮ ಸಭೆಯಲ್ಲಿ ಒಬ್ಬ ತಾಯಿ, ಬೀಡಿ ಕಟ್ಟುವವರು, “ನಂಗೆ ಓದೋಕೆ ಬರಲ್ಲ, ನಾನೇನು ಹೇಳಿಕೊಡ್ಲಿ?” ಎಂದರು. ಆಮೇಲೆ ತಾವೇ ಹೇಳಿದರು: ಬೀಡಿ ಕಟ್ಟುತ್ತ ಕೂತಾಗ ಮಗನನ್ನು ಎದುರಿಗೆ ಕೂರಿಸಿಕೊಂಡು, “ಇವತ್ತು ಮೇಷ್ಟ್ರು ಏನು ಹೇಳಿದ್ರು, ನಂಗೆ ಅರ್ಥ ಆಗೋ ಹಂಗೆ ಹೇಳು” ಎನ್ನುತ್ತಾರಂತೆ. ಅರ್ಥವಾಗದಿದ್ದರೆ “ಅದು ಹೆಂಗೆ?” ಎಂದು ಕೇಳುತ್ತಾರಂತೆ. ಅವನು ಮತ್ತೆ ಹೇಳುತ್ತಾನೆ. ಆ ಹುಡುಗ ಟೆಸ್ಟಿಗೆ ಹೆದರುವುದಿಲ್ಲ ಎಂದು ಅವನ ಟೀಚರೇ ಎದ್ದು ನಿಂತು ಹೇಳಿದರು. ನಾವೆಲ್ಲ ಆ ತಾಯಿ ಮಾಡುವುದನ್ನೇ ಮಾಡಲು ಒಪ್ಪಿದ್ದೇವೆ.

15. ಈ ಪತ್ರಕ್ಕೆ ಉತ್ತರ ಬೇಕು.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ, ಖಾಸಗಿ ಶಾಲೆಗಳಲ್ಲಾದರೆ ಪೋಷಕರ ಸಭೆಯಲ್ಲಿ, ಇದನ್ನು ಪೂರ್ತಿ ಓದಬೇಕು. ಯಾವುದನ್ನು ಒಪ್ಪಿದಿರಿ, ಯಾವುದನ್ನು ಒಪ್ಪಲಿಲ್ಲ, ಏಕೆ ಎಂದು 30 ದಿನಗಳೊಳಗೆ ಬರಹದಲ್ಲಿ ತಿಳಿಸಬೇಕು. ಇಲಾಖೆಯ ತೀರ್ಮಾನ ಬೇಕಾದ 2, 3, 9, 12 ಮತ್ತು 13ನೇ ಬೇಡಿಕೆಗಳನ್ನು, ಒಂದನೆಯದರಲ್ಲಿ ಟೆಸ್ಟು ಮತ್ತು ದಾಖಲೆ ಇಳಿಸುವ ಮಾತನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳು ತಮ್ಮ ಷರಾ ಸಮೇತ ಮೇಲಕ್ಕೆ ಕಳಿಸಬೇಕು. ಒಂದನೇ ಬೇಡಿಕೆಯ ತಿದ್ದುವ ಪಾಠಕ್ಕೆ ಮಾತ್ರ ಯಾರ ಆದೇಶವೂ ಬೇಕಿಲ್ಲ, ಮುಂದಿನ ಟೆಸ್ಟಿನಿಂದಲೇ ಶುರುಮಾಡಬಹುದು. ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳನ್ನು ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮ ಸಭೆಗೆ ಕರೆದು, ಈ ಪಟ್ಟಿಯಲ್ಲಿ ನಾವು ಬಿಟ್ಟದ್ದು ಏನು ಎಂದು ಕೇಳಬೇಕು. ಅವರು ಹೇಳುವುದಕ್ಕೆಂದು 16ನೇ ಸಂಖ್ಯೆಯ ಕೆಳಗೆ ಜಾಗ ಖಾಲಿ ಬಿಟ್ಟಿದ್ದೇವೆ.

16.